ಎರಡನೇ ಯಂತ್ರದ ರೀಲುಗಳು

ಸೆಪ್ಟೆಂಬರ್ 9, ಮಂಗಳವಾರ

ಇವತ್ತು ಬೆಳಿಗ್ಗೆ ಟ್ರಾಲಿ ಬಸ್ಸಿನಲ್ಲಿ ಎದುರು ಕೂತಿದ್ದ ಒದಾರ್ಕಾ ಚಿಕ್ಕಮ್ಮನ ಸ್ವೆಟರಿನ ತೋಳಿಗೆ ಒಂದು ಗಾಜಿನೆಳೆ ಅಂಟಿಕೊಂಡಿತ್ತು. ಕೂದಲಿಗಿಂತ ಸಣ್ಣದು. ಬಿಸಿಲು ಬಿದ್ದಾಗ ಕಾಣುತ್ತಿತ್ತು, ಬಸ್ಸು ತಿರುಗಿದರೆ ಮಾಯವಾಗುತ್ತಿತ್ತು. ನಾವು ಏನು ಕೆಲಸ ಮಾಡುತ್ತೇವೆಂದು ಮನೆಯವರಿಗೂ ಹೇಳುವ ಹಾಗಿಲ್ಲ. ಆ ಎಳೆ ಮಾತ್ರ ನಿನ್ನೆ ಸಂಜೆಯಿಂದ ಪೋಲ್ತಾವಾ ಊರೆಲ್ಲ ತಿರುಗಿರಬೇಕು. ಹೇಳೋಣವೆಂದರೆ ಬಾಯಿ ಬರಲಿಲ್ಲ. ಇಳಿಯುವಾಗ ಅವಳ ತೋಳು ಸವರಿದ ಹಾಗೆ ಮಾಡಿ ತೆಗೆದುಬಿಟ್ಟೆ.

"ಏನೇ ಪಂಡಿತಮ್ಮ, ಬೆಳಬೆಳಿಗ್ಗೆ ನನ್ನ ಮೇಲೆ ಪ್ರೀತಿ ಉಕ್ಕಿ ಬಂತಾ?" ಎಂದಳು. ಬಸ್ಸಿನಲ್ಲಿದ್ದವರೆಲ್ಲ ನನ್ನ ಕಡೆ ನೋಡಿದರು.

ಈ ನೆಲಮಾಳಿಗೆಗೆ ಬಂದು ಐದು ವಾರವಾಯಿತು. ಮೊದಲು ಇಲ್ಲಿ ಕೋಟು ಹೊಲಿಯುತ್ತಿದ್ದರಂತೆ. ಈಗ ಡ್ರೋನುಗಳಿಗೆ ಗಾಜಿನೆಳೆಯ ರೀಲು ಸುತ್ತುತ್ತೇವೆ. ರೇಡಿಯೊದಿಂದ ನಡೆಸುವ ಡ್ರೋನನ್ನು ಶತ್ರು ಗಾಳಿಯಲ್ಲೇ ಕಿವುಡು ಮಾಡುತ್ತಾನೆ. ಎಳೆ ಕಟ್ಟಿಕೊಂಡು ಹೋದದ್ದನ್ನು ಏನೂ ಮಾಡಲಾರ. ಹತ್ತು ಕಿಲೋಮೀಟರ್ ಉದ್ದದ ಎಳೆಯನ್ನು ಬಿಚ್ಚಿಕೊಳ್ಳುತ್ತಾ ಅದು ಹಾರುತ್ತದೆ; ಚಾಲಕನ ಆದೇಶ, ಅವನ ಪರದೆಗೆ ಬರುವ ಚಿತ್ರ ಎರಡೂ ಆ ಎಳೆಯಲ್ಲೇ ಹರಿಯುತ್ತವೆ. ಜೋಗುಳಗಳ ಮೇಲೆ ಪ್ರಬಂಧ ಬರೆದು ಪದವಿ ಪಡೆದ ನಾನು ಇಲ್ಲಿ ರೀಲುಗಳಿಗೆ ಚೀಟಿ ಅಂಟಿಸುತ್ತೇನೆ, ಡ್ರೋನ್ ಹಾರಿಸುವವರಿಗೆ ಸುಲಭ ಭಾಷೆಯಲ್ಲಿ ಕೈಪಿಡಿ ಬರೆಯುತ್ತೇನೆ.

ಸುತ್ತುವ ಯಂತ್ರಗಳು ಎರಡು. ಒಂದನೆಯದು ಒದಾರ್ಕಾ ಚಿಕ್ಕಮ್ಮನದು; ನೆಂಟಳಲ್ಲ, ಇಲ್ಲಿ ಎಲ್ಲರೂ ಅವಳನ್ನು ಹಾಗೆ ಕರೆಯುತ್ತಾರೆ. ಎರಡನೆಯದರಲ್ಲಿ ಅರ್ಕಾಡಿ ಲೂಕಿಚ್ ಇರುತ್ತಾರೆ. ಅರವತ್ತು ದಾಟಿದವರು, ಮೊದಲು ಟಿ.ವಿ. ರಿಪೇರಿ ಮಾಡುತ್ತಿದ್ದರು. ಅವರ ಊರು ಲಿಸಿಚಾನ್ಸ್ಕ್ ರಷ್ಯನ್ನರ ಕೈಗೆ ಹೋದಾಗ ಒಂದು ಚೀಲ ಹಿಡಿದು ಇಲ್ಲಿಗೆ ಬಂದವರು. ಇನ್ನೂ ರಷ್ಯನ್ ಭಾಷೆಯಲ್ಲೇ ಮಾತಾಡುತ್ತಾರೆ. ನಾನು ಉಕ್ರೇನಿಯನ್ನಿನಲ್ಲಿ ಉತ್ತರಿಸುತ್ತೇನೆ. ಇಬ್ಬರಿಗೂ ಅರ್ಥವಾಗುತ್ತದೆ.

ಒಂಬತ್ತು ಗಂಟೆಗೆ ಎಂದಿನಂತೆ ಧ್ವನಿವರ್ಧಕದಲ್ಲಿ ಟಿಕ್ ಟಿಕ್ ಶುರುವಾಯಿತು. ಯುದ್ಧದಲ್ಲಿ ಸತ್ತವರಿಗಾಗಿ ದೇಶವೆಲ್ಲ ದಿನಾ ಆಚರಿಸುವ ಒಂದು ನಿಮಿಷದ ಮೌನ; ಎಲ್ಲರೂ ಎದ್ದು ತಲೆ ತಗ್ಗಿಸಿದೆವು. ನಾನು ಕಣ್ಣು ಮುಚ್ಚುವುದಿಲ್ಲ, ಜನರನ್ನು ನೋಡುವುದು ನನ್ನ ಹಳೇ ಚಾಳಿ. ಅರ್ಕಾಡಿ ಲೂಕಿಚ್ ಟೋಪಿ ತೆಗೆದು ಬೆಂಚಿನ ಮೇಲಿಟ್ಟು, ಯಂತ್ರದ ಕಡೆ ಕೈ ಚಾಚಿ, ಆಮೇಲೆ ಎರಡೂ ಕೈ ಇಳಿಬಿಟ್ಟು ನಿಂತರು. ಬೋಳುತಲೆಯ ಮೇಲೆ ಟೋಪಿಯ ಗೆರೆ ಕೆಂಪಗೆ ಮೂಡಿತ್ತು.

ಸೆಪ್ಟೆಂಬರ್ 11, ಗುರುವಾರ

ಮುಂಚೂಣಿಯಿಂದ ಒಬ್ಬ ಡ್ರೋನ್ ಚಾಲಕ ಬಂದಿದ್ದ. ಅವನ ದಳದಲ್ಲಿ ಯಾರೂ ನಿಜ ಹೆಸರು ಹಿಡಿದು ಕರೆಯುವುದಿಲ್ಲ. ಇವನು 'ಕೊಕ್ಕರೆ'. ಉದ್ದ ಕಾಲು, ಒಂದು ಸ್ವಲ್ಪ ಕುಂಟುತ್ತದೆ. ಒಂದು ಬೂಟಿನ ಡಬ್ಬಿಯನ್ನು ನಮ್ಮ ಮೇಲ್ವಿಚಾರಕ ಜಖಾರ್ ಅವರ ಮೇಜಿನ ಮೇಲೆ ಬೋರಲು ಹಾಕಿದ. ಹಾರಿಸುವ ಮೊದಲು ರೀಲುಗಳಿಂದ ಕಿತ್ತಿಟ್ಟುಕೊಂಡ ಹನ್ನೊಂದು ಚೀಟಿಗಳು. ಎಲ್ಲವೂ ನನ್ನ ಕೈಬರಹ.

"ಐದು ಕಿಲೋಮೀಟರ್ ತನಕ ಚೆನ್ನಾಗಿ ಹೋಗ್ತದೆ. ಆಮೇಲೆ ಪರದೆ ಕಪ್ಪು. ಎಳೆ ತುಂಡು," ಎಂದ. "ಹನ್ನೊಂದು ಸಲ."

"ಗಿಡಕ್ಕೆ ಸಿಕ್ಕಿಹಾಕ್ಕೊಂಡಿರಬಹುದು," ಎಂದರು ಜಖಾರ್.

"ಹನ್ನೊಂದು ಗಿಡಾನೂ ಐದನೇ ಕಿಲೋಮೀಟರಲ್ಲೇ ಬೆಳೆದಿದ್ವಾ, ಯಜಮಾನ್ರೇ? ಶನಿವಾರ ಅವರ ಮೋರ್ಟಾರ್ ತೋಪಿನ ಹತ್ತಿರ ಹೋಗ್ತಾ ಇದ್ದೆ. ಇನ್ನೊಂದು ನಿಮಿಷ ಸಾಕಿತ್ತು. ಅಷ್ಟರಲ್ಲಿ ಸತ್ತಿತು. ಮೋರ್ಟಾರು ಉಳೀತು. ನಮ್ಮ ಮೂರು ಜನ ಉಳೀಲಿಲ್ಲ."

ಚೀಟಿಗಳನ್ನು ನಾನು ಒಂದೊಂದಾಗಿ ನೆಟ್ಟಗೆ ಜೋಡಿಸಿದೆ. ಕೈಗೆ ಬೇರೆ ಕೆಲಸವಿರಲಿಲ್ಲ.

ಸೆಪ್ಟೆಂಬರ್ 12, ಶುಕ್ರವಾರ

ಚೀಟಿಯಲ್ಲಿ ಮೂರು ಅಂಕಿ ಇರುತ್ತವೆ. ತಾರೀಖು, ಯಂತ್ರ, ಆ ದಿನದ ಎಷ್ಟನೇ ರೀಲು ಎಂಬುದು. ಜಖಾರ್ ಹೇಳಿದಂತೆ ಕೂತು ನೋಡಿದೆ. ಹನ್ನೊಂದಕ್ಕೆ ಹನ್ನೊಂದೂ ಎರಡನೇ ಯಂತ್ರದವು.

ಜಖಾರ್ ಮಧ್ಯಾಹ್ನ ತಾವೇ ಆ ಯಂತ್ರವನ್ನು ಬಿಚ್ಚಿ ನೋಡಿದರು. ಆಗ ತಾನೇ ಸುತ್ತಿದ ರೀಲನ್ನು ಪೂರ್ತಿ ಬಿಚ್ಚಿಸಿ ಪರೀಕ್ಷಿಸಿದರು. ಒಂದು ದೋಷವೂ ಇಲ್ಲ. ಕೈ ಒರೆಸಿಕೊಳ್ಳುತ್ತಾ ನನ್ನ ಮೇಜಿನ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಯಂತ್ರ ಸರಿ ಇದೆ ಉಲ್ಯಾನಾ. ಹಾಗಾದ್ರೆ ಕೈ ಸರಿ ಇಲ್ಲ ಅಂತ. ನೀನು ಯಾರ ಕಣ್ಣಿಗೂ ಬೀಳೋಳಲ್ಲ. ಸ್ವಲ್ಪ ನೋಡ್ತಾ ಇರಮ್ಮ."

ಈ ಊರಿನಲ್ಲಿ ಇಷ್ಟು ವರ್ಷಕ್ಕೆ ಒಬ್ಬರು ನನ್ನ ಸಂಕೋಚದಿಂದ ಉಪಯೋಗವಿದೆ ಎಂದರು. ಮನೆಗೆ ಬರುವಾಗ ನಗು ಬರುತ್ತಿತ್ತು.

ಸೆಪ್ಟೆಂಬರ್ 15, ಸೋಮವಾರ

ಅ. ಲೂ. (ಅರ್ಕಾಡಿ ಲೂಕಿಚ್ ಅವರನ್ನು ಇನ್ನು ಹೀಗೇ ಬರೆಯುತ್ತೇನೆ) 7.50ಕ್ಕೆ ಬಂದರು. ಎಲ್ಲರಿಗಿಂತ ಮೊದಲು. ಯಾಕೆ?

ಒಂಬತ್ತಕ್ಕೆ ಮೌನದ ಹೊತ್ತಿನಲ್ಲಿ ಮತ್ತೆ ಅದೇ. ಎಲ್ಲರ ತಲೆ ಕೆಳಗಿದ್ದಾಗ ಅ. ಲೂ. ಕೈ ಯಂತ್ರದ ಮೇಲೆ. ಒದಾರ್ಕಾ ಚಿಕ್ಕಮ್ಮನ ಯಂತ್ರದ ಗುಂಯ್‌ಗುಟ್ಟುವಿಕೆಯಲ್ಲಿ ಬೇರೇನೂ ಕೇಳಿಸಲಿಲ್ಲ.

12.20ಕ್ಕೆ ಒಳಗೆ ಬರುವ ಮೊದಲು ಎಲ್ಲರೂ ಫೋನು ಹಾಕಬೇಕಾದ ಬಾಗಿಲ ಪೆಟ್ಟಿಗೆಯಿಂದ ತಮ್ಮದನ್ನು ತೆಗೆದುಕೊಂಡು ಅಂಗಳದ ಗೋಡೆಯ ಹತ್ತಿರ ಹೋದರು. ನಾಲ್ಕು ನಿಮಿಷ. ನಾನು ಕಸದ ಬುಟ್ಟಿ ಹಿಡಿದು ಹಿಂದೆ ಹೋದೆ. "ಯಾವ ಕಡೆ ಬಿತ್ತು? ಎಷ್ಟು? ಸೇತುವೆ ಇದೆಯಾ?" ಎಂದು ಕೇಳುತ್ತಿದ್ದರು. ನನ್ನನ್ನು ನೋಡಿ ಧ್ವನಿ ತಗ್ಗಿಸಿದರು.

ಸೆಪ್ಟೆಂಬರ್ 17, ಬುಧವಾರ

ಬೆಳಿಗ್ಗೆ ಕರೆಂಟಿಲ್ಲ. ಜನರೇಟರ್ ಚಾಲೂ ಆಗಿ ಯಂತ್ರ ಶುರುವಾಗುವಾಗ ಹತ್ತು ಗಂಟೆ. ಮೌನವನ್ನು ಮಬ್ಬುಗತ್ತಲಲ್ಲೇ ಆಚರಿಸಿದೆವು. ಅ. ಲೂ. ಇವತ್ತು ಕೈ ಚಾಚಲಿಲ್ಲ. ಯಂತ್ರ ನಿಂತಿದ್ದರಿಂದ ಅವನಿಗೆ ಮಾಡಲು ಏನೂ ಇರಲಿಲ್ಲ.

ಚಳಿಯೆಂದು ತನ್ನ ಫ್ಲಾಸ್ಕಿನಿಂದ ನನಗೆ ಚಹಾ ಬಗ್ಗಿಸಿ ಕೊಟ್ಟ. "ಕುಡಿ ಮಗಳೇ, ಬೆರಳು ನೀಲಿಯಾಗಿದೆ," ಎಂದ. ಬೆರಳನ್ನು ಯಾಕೆ ಗಮನಿಸುತ್ತಾನೆ? ಅವನು ಆ ಕಡೆ ತಿರುಗಿದಾಗ ಚಹಾವನ್ನು ಸಿಂಕಿಗೆ ಸುರಿದೆ.

ಸೆಪ್ಟೆಂಬರ್ 18, ಗುರುವಾರ

ಹೊಸ ಕೈಪಿಡಿ ಬಂದಿದೆ. ತಾನೇ ಗುರಿ ಹುಡುಕುವ ಡ್ರೋನಿನದು. ಎಂಜಿನಿಯರುಗಳು ಬರೆದ ವಾಕ್ಯಗಳನ್ನು ಮನುಷ್ಯರ ಭಾಷೆಗೆ ತರಬೇಕು. "ಗುರುತು ಎಷ್ಟು ಖಚಿತವಾದರೆ ಹೊಡೆಯಬೇಕು ಎಂಬ ಮಟ್ಟವನ್ನು ನೀವು ಮೊದಲೇ ನಿಗದಿಪಡಿಸಿ. ಶೇಕಡಾ ಎಪ್ಪತ್ತಕ್ಕಿಂತ ಕೆಳಗೆ ಇಳಿಸಬೇಡಿ. ಮಟ್ಟ ಕಡಿಮೆಯಾದಷ್ಟೂ ಯಂತ್ರ ಬೇಗ ತೀರ್ಮಾನಿಸುತ್ತದೆ." ಈ ಮೂರು ವಾಕ್ಯಕ್ಕೆ ಅರ್ಧ ದಿನ ಹಿಡಿಯಿತು.

ಕೊಕ್ಕರೆ ಹೊಸ ರೀಲುಗಳಿಗೆ ಕಾಯುತ್ತಾ ನನ್ನ ಮೇಜಿನ ತುದಿಯಲ್ಲಿ ಕೂತಿದ್ದ. ನನ್ನ ಕರಡು ಓದಿ ನಕ್ಕ.

"ಈ ಎಳೆಗಿಳೆ ಎಲ್ಲ ಇನ್ನೊಂದು ವರ್ಷ ಅಷ್ಟೇ. ಈಗಲೇ ಅಲ್ಲಿ ಹೊಲ ತುಂಬ ಎಳೆ ಬಿದ್ದಿದೆ, ಬೆಳಿಗ್ಗೆ ಜೇಡರ ಬಲೆ ಥರ ಹೊಳೀತದೆ. ಡ್ರೋನ್ ಕಾಟಕ್ಕೆ ಇಪ್ಪತ್ತು ಕಿಲೋಮೀಟರ್ ಅಗಲಕ್ಕೆ ಟ್ಯಾಂಕು ಬರೋಹಾಗಿಲ್ಲ, ಜೀಪು ಬರೋಹಾಗಿಲ್ಲ. ಊಟಾನೂ ಗಾಲಿ ಇರೋ ಯಂತ್ರವೇ ತರ್ತದೆ. ಮುಂದೆ ಇದು ಬಂದ್ರೆ ಎಳೆನೂ ಬೇಡ, ನಾನೂ ಬೇಡ."

"ತಪ್ಪು ಗುರುತಿಸಿದರೆ?" ಎಂದೆ. ಅವನ ಜೊತೆ ನಾನು ಆಡಿದ ಮೊದಲ ಮಾತು.

"ನಾನು ತಪ್ಪಿದ್ರೆ ವಾರ ನಿದ್ದೆ ಬರೋದಿಲ್ಲ. ಅದಕ್ಕೆ ಆ ತೊಂದರೆ ಇಲ್ಲ ನೋಡಿ," ಎಂದ.

ಎರಡನೇ ಯಂತ್ರದ ಕಡೆ ಕಣ್ಣು ಹಾಯಿಸಿ ಅವನು ಕೇಳಿದ: "ಆ ಮುದುಕ ಯಾವೂರಿನೋನು?" ಹೇಳಿದೆ. ತುಟಿ ಬಿಗಿಹಿಡಿದು ತಲೆಯಾಡಿಸಿದ.

ಸೆಪ್ಟೆಂಬರ್ 22, ಸೋಮವಾರ

ಇನ್ನೂ ನಾಲ್ಕು ಚೀಟಿ. ಎಲ್ಲ ಎರಡನೇ ಯಂತ್ರದವೇ. ಜಖಾರ್ ಯಾರಿಗೋ ಫೋನು ಮಾಡಿದರು. ಸಂಜೆ ಬೂದು ಜಾಕೆಟ್ಟಿನ ಒಬ್ಬರು ಬಂದರು. ಹೆಸರು ಹೇಳಲಿಲ್ಲ, ವಿಚಾರಣೆಯವರು ಎಂದಷ್ಟೇ ತಿಳಿಯಿತು. ದಾಸ್ತಾನು ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆಗಳ ಮೇಲೆ ಕೂತು ಮಾತಾಡಿದೆವು. ತುಂಬಾ ವಿನಯದ ಮನುಷ್ಯ. ನಾನು ತಡವರಿಸಿದಾಗ ಕಾದರು. ಜೀವನದಲ್ಲಿ ಯಾರೂ ನನ್ನ ಮಾತನ್ನು ಅಷ್ಟು ಹೊತ್ತು ಕೇಳಿರಲಿಲ್ಲ.

ನೋಡಿದ್ದನ್ನು ಹೇಳಿದೆ. ಬರೆದುಕೊಡಿ ಎಂದರು. ಒಂದು ಪುಟ ಬರೆದೆ. "ಎಲ್ಲರೂ ತಲೆ ತಗ್ಗಿಸಿದ ಹೊತ್ತಿನಲ್ಲಿ, ಅತ್ತಿತ್ತ ನೋಡಿ, ಯಾರಿಗೂ ಕಾಣದ ಹಾಗೆ ಯಂತ್ರಕ್ಕೆ ಕೈ ಹಾಕುತ್ತಾನೆ." ಓದಿದವರ ಕಣ್ಣಿಗೆ ಕಟ್ಟುವಂತೆ ಬಂದಿದೆ. ಫೋನಿನ ವಿಷಯವನ್ನೂ ಬರೆದೆ.

"ನಿಮ್ಮ ಹೆಸರು ಹೊರಗೆ ಬರೋದಿಲ್ಲ. ಸಾಕ್ಷಿ ನಾಲ್ಕು ಅಂತಷ್ಟೇ ಇರುತ್ತೆ," ಎಂದರು. ಎದ್ದು ಹೋಗುವಾಗ ಕೇಳಿದರು: "ಇಲ್ಲಿನ ವಿಷಯ ನೀವು ಎಲ್ಲಾದ್ರೂ ಬರೆದಿಡ್ತೀರಾ? ದಿನಚರಿ, ಕಾಗದ, ಏನಾದ್ರೂ? ಇಲ್ಲಿ ಯಂತ್ರ ಎಷ್ಟು, ಸಂಖ್ಯೆ ಏನು ಅಂತ ಬರೆದಿಟ್ರೆ ಅದೂ ಅಪರಾಧವೇ. ಕೆಲಸ ಹೋಗೋದಷ್ಟೇ ಅಲ್ಲ."

"ಇಲ್ಲ," ಎಂದೆ. ಒಂದು ಸಲವೂ ತಡವರಿಸಲಿಲ್ಲ.

ಸೆಪ್ಟೆಂಬರ್ 23, ಮಂಗಳವಾರ

ಅ. ಲೂ. ಬರಲಿಲ್ಲ. ಬೆಳಿಗ್ಗೆ ನಿರಾಶ್ರಿತರ ಹಾಸ್ಟೆಲ್ಲಿನಿಂದಲೇ ಕರೆದೊಯ್ದರಂತೆ. ಒದಾರ್ಕಾ ಚಿಕ್ಕಮ್ಮ ಎರಡೂ ಯಂತ್ರ ನೋಡಿಕೊಳ್ಳುತ್ತಿದ್ದಾಳೆ. ದಿನವಿಡೀ ಒಂದು ತಮಾಷೆ ಮಾತಿಲ್ಲ.

ಸೆಪ್ಟೆಂಬರ್ 29, ಸೋಮವಾರ

ಅವನು ಹೋದ ಮೇಲೆ ಸುತ್ತಿದ ರೀಲುಗಳಲ್ಲಿ ಒಂದೂ ತುಂಡಾಗಿಲ್ಲ ಎಂದು ಕೊಕ್ಕರೆ ಸಂದೇಶ ಕಳಿಸಿದ್ದಾನೆ. ಜಖಾರ್ ಎಲ್ಲರಿಗೂ ಕೇಕು ತರಿಸಿದರು. ನನ್ನ ತುಂಡು ದೊಡ್ಡದಿತ್ತು.

ಒದಾರ್ಕಾ ಚಿಕ್ಕಮ್ಮ ಕೇಕು ಮುಟ್ಟಲಿಲ್ಲ. 1.10ಕ್ಕೆ ಅ. ಲೂ. ಬಿಟ್ಟುಹೋದ ಕಪಾಟು ತೆರೆದು ಏನೋ ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡಳು. ಆ ದಿನ ಬಸ್ಸಿನಲ್ಲಿ ಅವಳ ತೋಳಿನ ಎಳೆ ನಿಜಕ್ಕೂ ತಾನಾಗಿಯೇ ಅಂಟಿದ್ದೇ? ಮನೆಗೆ ಬಂದರೆ ಅಮ್ಮ ಫೋನಿನಲ್ಲಿ ಮಾತಾಡುತ್ತಿದ್ದವಳು ನನ್ನನ್ನು ನೋಡಿ ಇಟ್ಟುಬಿಟ್ಟಳು. ಯಾರು ಎಂದು ಕೇಳಿದೆ. "ನಿನ್ನ ಹುಟ್ಟುಹಬ್ಬದ ಬಟ್ಟೆಗೆ ಅಳತೆ ಹೇಳ್ತಿದ್ದೆ ಕಣೇ, ಪೊಲೀಸ್ನೋರ ಥರ ಯಾಕೆ ನೋಡ್ತೀಯ?" ಎಂದಳು.

ಅಕ್ಟೋಬರ್ 2, ಗುರುವಾರ

ಇವತ್ತು ಚಿಕ್ಕಮ್ಮನನ್ನೇ ನೇರವಾಗಿ ಕೇಳಿದೆ. ನನಗೇ ಆಶ್ಚರ್ಯ. "ಆ ಕಪಾಟಿನಿಂದ ಏನು ತೆಗೆದುಕೊಂಡಿರಿ?"

"ಅವನ ಉಣ್ಣೆ ಕಾಲುಚೀಲ. ಒಳಗೆ ಚಳಿಯಂತೆ, ಕಳಿಸಿದೆ. ಅರ್ಧ ಸೇರು ಹಂದಿಕೊಬ್ಬೂ ಕಳಿಸಿದೆ. ಇದನ್ನೂ ಬರ್ಕೋತೀಯಾ, ಪಂಡಿತಮ್ಮ?"

ಅವಳಿಗೆ ಏನೂ ಗೊತ್ತಿಲ್ಲ, ಸುಮ್ಮನೆ ಅಂದದ್ದು.

"ಅವನ ತಂಗಿ ಇನ್ನೂ ಲಿಸಿಚಾನ್ಸ್ಕಲ್ಲೇ ಸಿಕ್ಕಿಹಾಕ್ಕೊಂಡಿದ್ದಾಳೆ. ದಿನಾ ಮಧ್ಯಾಹ್ನ ಫೋನು ಮಾಡಿ ಬದುಕಿದ್ದೀಯಾ, ಬಾಂಬು ಎಲ್ಲಿ ಬಿತ್ತು ಅಂತ ಕೇಳ್ತಿದ್ದ. ಮಗ ಇಗ್ನಾತ್ ನಮ್ಮ ಸೈನ್ಯದಲ್ಲಿದ್ದ. ಅದೇ ಊರಿನ ಸೇತುವೆ ಹತ್ತಿರ ಸತ್ತ. ಹೆಣಾನೂ ಸಿಗಲಿಲ್ಲ. ಏಳು ವಾರ ಅವನ ಎದುರೇ ಕೂತಿದ್ದೆಯಲ್ಲ, ನಿಂಗೆ ಗೊತ್ತಿರಲಿಲ್ವಾ?"

ಗೊತ್ತಿರಲಿಲ್ಲ. ಮಗನನ್ನು ಕಳೆದುಕೊಂಡವನಿಗೆ ನಮ್ಮ ಸರ್ಕಾರದ ಮೇಲೂ ಸಿಟ್ಟಿರಬಹುದಲ್ಲ. ಇದೂ ಒಂದು ಕಾರಣವಾಗಬಹುದು.

ಅಕ್ಟೋಬರ್ 6, ಸೋಮವಾರ

ಒದಾರ್ಕಾ ಚಿಕ್ಕಮ್ಮನಿಗೆ ಜ್ವರ. ಜಖಾರ್ ಒಂದನೇ ಯಂತ್ರಕ್ಕೆ ತಾವು ಕೂತು, ಎರಡನೆಯದಕ್ಕೆ ನನ್ನನ್ನು ಕೂರಿಸಿದರು. ಕಷ್ಟವೇನಿಲ್ಲ. ಎಂಟಕ್ಕೆ ಮೊದಲ ರೀಲು ಹಾಕಿದೆ. ಒಂದಕ್ಕೆ ನಲವತ್ತು ನಿಮಿಷ. ಎಂಟೂ ನಲವತ್ತೆರಡಕ್ಕೆ ಎರಡನೆಯದು.

ಒಂಬತ್ತಕ್ಕೆ ಟಿಕ್ ಟಿಕ್ ಶುರುವಾಯಿತು. ಎದ್ದು ನಿಂತೆ. ದೂರದ ಮೇಜಿನಿಂದ ನಾನು ಯಾವತ್ತೂ ಅರಿಯದಿದ್ದದ್ದು ಇದು: ಈ ಯಂತ್ರ ಕಿರುಚುತ್ತದೆ. ಹೊಟ್ಟೆಯ ಹತ್ತಿರವೇ, ಕೀಚಲು ಧ್ವನಿಯಲ್ಲಿ. ಹೋದ ವರ್ಷ ಸತ್ತ ನನ್ನ ಸಹಪಾಠಿ ಸ್ತೆಪಾನನ ಮುಖವನ್ನು ನೆನೆಯಲು ನೋಡಿದೆ. ಆ ಸದ್ದಿನಲ್ಲಿ ಆಗಲಿಲ್ಲ. ಅವನ ಹೆಸರಿನ ಮೇಲೆ ಯಾರೋ ಕೂತು ನಗುತ್ತಿರುವ ಹಾಗಿತ್ತು. ನನಗೆ ತಿಳಿಯುವ ಮೊದಲೇ ಕೈ ಚಾಚಿ ಗುಂಡಿ ಒತ್ತಿದ್ದೆ. ಯಂತ್ರ ನಿಂತಿತು. ಕೈ ಇಳಿಬಿಟ್ಟು ನಿಂತೆ.

ನಿಮಿಷ ಮುಗಿದ ಮೇಲೆ ಮತ್ತೆ ಒತ್ತಿದೆ. ನನ್ನ ಕೈಯನ್ನೇ ನೋಡುತ್ತಿದ್ದೆ. ನಿಂತಲ್ಲಿ ಎಳೆಯ ಬಿಗಿ ಸಡಿಲಾಗಿ ಎರಡು ಸುತ್ತು ಜೋಲು ಬಿದ್ದಿದ್ದವು. ಹೊಸ ಸುತ್ತುಗಳು ಬಂದು ಅವನ್ನು ಅಮುಕಿ ಮುಚ್ಚಿಬಿಟ್ಟವು. ಕ್ಷಣದಲ್ಲಿ ರೀಲು ನುಣ್ಣಗೆ, ಏನೂ ಆಗದ ಹಾಗೆ.

ರೀಲು ಮುಗಿದಾಗ ಅಭ್ಯಾಸದಂತೆ ಚೀಟಿ ಬರೆದೆ. ಆರನೇ ತಾರೀಖು, ಎರಡನೇ ಯಂತ್ರ, ಎರಡನೇ ರೀಲು. ಬೂಟಿನ ಡಬ್ಬಿ ಜಖಾರ್ ಅವರ ಕಪಾಟಿನಲ್ಲೇ ಇತ್ತು. ಹದಿನೈದು ಚೀಟಿಗಳನ್ನೂ ಹರಡಿದೆ. ನಾನು ಎರಡನೇ ಅಂಕಿಯನ್ನು ನೋಡಿ ನಿಲ್ಲಿಸಿದ್ದೆ. ಮೂರನೇ ಅಂಕಿಯೂ ಎಲ್ಲದರಲ್ಲೂ ಒಂದೇ. ಎರಡನೇ ರೀಲು, ಎರಡನೇ ರೀಲು, ಎರಡನೇ ರೀಲು. ಒಂಬತ್ತು ಗಂಟೆಗೆ ಅರ್ಧ ಸುತ್ತಿರುವ ರೀಲು. ಐದನೇ ಕಿಲೋಮೀಟರು. ಹದಿನೇಳನೇ ತಾರೀಖಿನ ಚೀಟಿ ಅದರಲ್ಲಿಲ್ಲ, ಆವತ್ತು ಯಂತ್ರ ಶುರುವಾದದ್ದೇ ಹತ್ತಕ್ಕೆ.

ಅಕ್ಟೋಬರ್ 7, ಮಂಗಳವಾರ

ಜಖಾರ್ ನನ್ನ ರೀಲನ್ನು ಬಿಚ್ಚಿಸಿದರು. ಐದು ಕಿಲೋಮೀಟರಿಗೆ ನೂರೈವತ್ತು ಮೀಟರ್ ಇರುವಾಗ ಎಳೆ ಪಟ್ಟೆಂದು ಹರಿಯಿತು. ಅವರು ಸ್ಟೂಲು ಎಳೆದು ಕೂತರು.

"ನಡುವೆ ನಿಲ್ಲಿಸಬೇಡಿ ಅಂತ ನಾನು ಯಾರಿಗೂ ಹೇಳಿರಲಿಲ್ಲ," ಎಂದರು. "ಯಾರಾದ್ರೂ ನಿಲ್ಲಿಸ್ತಾರೆ ಅಂತ ಹೊಳೀಲೇ ಇಲ್ಲ. ನಾವೆಲ್ಲ ಎದ್ದು ನಿಲ್ತಿದ್ವಿ, ಯಂತ್ರ ತನ್ನ ಪಾಡಿಗೆ ಓಡ್ತಿತ್ತು. ಅವನೊಬ್ಬ..." ನಾಳೆಯಿಂದ ಒಂಬತ್ತಕ್ಕೆ ಎರಡೂ ಯಂತ್ರ ಖಾಲಿ ಇರಬೇಕು ಎಂದು ಗೋಡೆಗೆ ಕಾಗದ ಅಂಟಿಸಿದರು.

ಮಧ್ಯಾಹ್ನ ಬೂದು ಜಾಕೆಟ್ಟಿನವರು ಬಂದರು. ಜಖಾರ್ ಎಲ್ಲವನ್ನೂ ವಿವರಿಸಿ, "ಹಾಗಾಗಿ ಅವರನ್ನು ಬಿಟ್ಟುಬಿಡಿ ಸಾರ್," ಎಂದರು.

ಅವರು ಅದೇ ವಿನಯದಿಂದ ಕೇಳಿಸಿಕೊಂಡು ಹೇಳಿದರು: "ರೀಲು ಕೆಡೋದು ಹೇಗೆ ಅಂತ ನಮಗೆ ಗೊತ್ತಿರಲಿಲ್ಲ. ಈಗ ಗೊತ್ತಾಯ್ತು, ಉಪಕಾರ. ನಿಲ್ಲಿಸಿದ್ದು ಅವನೇ ಅಲ್ವಾ?"

"ಮೌನಕ್ಕೋಸ್ಕರ ನಿಲ್ಲಿಸಿದ್ದು!"

"ಅವನೂ ಹಾಗೇ ಹೇಳ್ತಾನೆ. ಆದರೆ ಗೌರವಕ್ಕೆ ನಿಲ್ಲಿಸೋನು ಅತ್ತಿತ್ತ ನೋಡಿ, ಯಾರಿಗೂ ಕಾಣದ ಹಾಗೆ ಯಾಕೆ ನಿಲ್ಲಿಸ್ತಾನೆ? ಸಾಕ್ಷಿ ಬರೆದುಕೊಟ್ಟಿದ್ದಾರೆ. ಶುಕ್ರವಾರ ಕಡತ ನ್ಯಾಯಾಲಯಕ್ಕೆ ಹೋಗುತ್ತೆ." ನನ್ನ ಕಡೆ ನೋಡಲೇ ಇಲ್ಲ. ನನ್ನನ್ನು ಕಾಪಾಡುತ್ತಿದ್ದರು.

ನಾನು ಚೀಟಿ ಅಂಟಿಸುತ್ತಾ ನಿಂತಿದ್ದೆ.

ಅಕ್ಟೋಬರ್ 8, ಬುಧವಾರ

ಜ್ವರದ ಕಾರಣ ಹೇಳಿ ಇವತ್ತು ನಾನೂ ಮನೆಯಲ್ಲೇ ಇದ್ದೆ. ಈ ನೋಟುಬುಕ್ಕನ್ನು ಮೊದಲಿಂದ ಓದಿದೆ.

ಇಪ್ಪತ್ತೆರಡರಂದು ಹೇಳಿಕೆಯಿಂದ ಬರೆದುಕೊಂಡ ಆ ವಾಕ್ಯ ಬಿಟ್ಟರೆ, ಅತ್ತಿತ್ತ ನೋಡಿ, ಯಾರಿಗೂ ಕಾಣದ ಹಾಗೆ ಎಂದು ಇದರಲ್ಲಿ ಎಲ್ಲಿಯೂ ಇಲ್ಲ. ಸೆಪ್ಟೆಂಬರ್ ಒಂಬತ್ತರಂದು ನಾನು ಕಂಡದ್ದು ಟೋಪಿ ತೆಗೆದಿಟ್ಟು, ಕೈ ಚಾಚಿ, ಕೈ ಇಳಿಬಿಟ್ಟು ನಿಂತ ಒಬ್ಬ ಮನುಷ್ಯನನ್ನು. ಅವರು ಯಾರ ಕಡೆಯೂ ನೋಡಿರಲಿಲ್ಲ. ಆ ಎರಡು ಮಾತನ್ನು ನಾನು ದಾಸ್ತಾನು ಕೋಣೆಯಲ್ಲಿ ಕೂತು ಸೇರಿಸಿದೆ. ವಾಕ್ಯ ಚೆನ್ನಾಗಿ ಕೇಳಿಸಲಿ ಎಂದು ಸೇರಿಸಿದೆ.

ಜಖಾರ್ ಮಾತನ್ನು ವಿಚಾರಣೆಯವರು ನಂಬುವುದಿಲ್ಲ, ಆಮೇಲೆ ಹೇಳಿದ ಮಾತು ಎನ್ನುತ್ತಾರೆ. ನಾನು ಬರಿಗೈಯಲ್ಲಿ ಹೋಗಿ ಹೇಳಿಕೆ ಬದಲಿಸಿದರೂ ಅಷ್ಟೇ. ಹೆದರಿದಳು, ಅಥವಾ ಮುದುಕನ ಕಡೆಯವರು ಹೆದರಿಸಿದರು ಎನ್ನುತ್ತಾರೆ. ಯಾರ ಮೇಲೂ ಸಂಶಯ ಹುಟ್ಟುವ ಮೊದಲೇ, ಚೀಟಿಗಳು ಬರುವ ಎರಡು ದಿನ ಮುಂಚೆ ಬರೆದದ್ದು ಈ ಒಂದು ಹಾಳೆ ಮಾತ್ರ.

ಆ ಹಾಳೆಯೊಂದನ್ನೇ ಕಿತ್ತು ಕೊಡಬಹುದೇ ಎಂದು ಬಹಳ ಹೊತ್ತು ಯೋಚಿಸಿದೆ. ಕತ್ತರಿಯನ್ನೂ ತಂದಿಟ್ಟುಕೊಂಡಿದ್ದೆ. ಕಿತ್ತ ಹಾಳೆಯನ್ನು ಯಾವತ್ತು ಬೇಕಾದರೂ ಬರೆಯಬಹುದು. ಅವರ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ. ಇಡೀ ಪುಸ್ತಕವೇ ಬೇಕು. ಎಷ್ಟು ಯಂತ್ರ, ಯಾವ ಸಂಖ್ಯೆ ಎಂದು ಬರೆದದ್ದರ ಸಮೇತ, ಇಲ್ಲ ಎಂದು ಸುಳ್ಳು ಹೇಳಿದ್ದರ ಸಮೇತ.

ಅಮ್ಮ ಸೂಪು ತಂದಿಟ್ಟು ಹೋದಳು. ಏನಾದರೂ ಹೇಳಬೇಕೆನ್ನಿಸಿತು. ನಾಳೆ ಹೇಗೂ ತಿಳಿಯುತ್ತದೆ.

ಕೊಕ್ಕರೆಯ ದಳದ ಆ ಮೂವರು ಅರ್ಕಾಡಿ ಲೂಕಿಚ್ ನಿಲ್ಲಿಸಿದ ಯಂತ್ರದಿಂದಲೇ ಸತ್ತರು. ಅದು ಸುಳ್ಳಾಗುವುದಿಲ್ಲ. ಜೈಲಿನೊಳಗಿರುವ ಅವರಿಗೆ ಈ ವಿಷಯವನ್ನು ಯಾರಾದರೂ ಹೇಳಿರುತ್ತಾರೆಯೇ? ಹೇಳಿದ್ದರೆ, ಯಾವ ಮಾತಿನಲ್ಲಿ? ಆ ಕೋಣೆಯಲ್ಲಿ ಒಬ್ಬರೇ ಕೂತು ದಿನಾ ಒಂಬತ್ತು ಗಂಟೆಗೆ ಏನು ಮಾಡುತ್ತಾರೆ?

ಹೊಸ ಹೇಳಿಕೆ ಬರೆದು ಮುಗಿಸಿದೆ. ಐದೇ ಸಾಲು. ನೋಡಿದ್ದು ಇಷ್ಟು, ಸೇರಿಸಿದ್ದು ಇಷ್ಟು. ಸಾಕ್ಷಿ ನಾಲ್ಕು ಎನ್ನುವ ಜಾಗದಲ್ಲಿ ನನ್ನ ಪೂರ್ತಿ ಹೆಸರು, ತಂದೆಯ ಹೆಸರು, ವಿಳಾಸ ಹಾಕಿದ್ದೇನೆ. ಅದನ್ನು ಅರ್ಕಾಡಿ ಲೂಕಿಚ್ ಎದುರಿಗೇ ಓದಲು ಬಿಡಿ ಎಂದು ಕೇಳುತ್ತೇನೆ. ಧ್ವನಿ ನಡುಗಿದರೆ ನಡುಗಲಿ.

ವಿಚಾರಣೆಯವರ ಕಚೇರಿಯ ಬಾಗಿಲು ತೆರೆಯುವುದು ಎಂಟೂವರೆಗೆ. ನಾನು ಎಂಟಕ್ಕೇ ಹೋಗಿ ನಿಲ್ಲುತ್ತೇನೆ.